ನಿಲ್ಲದ ಚಿಂತೆ, ನಿಂತ ಕಾಯಕ

ಮನುಷ್ಯನಿಗೆ ದೊರೆತ ಶಕ್ತಿಗಳಲ್ಲಿ ವಿಚಾರಶಕ್ತಿಯು ಶ್ರೇಷ್ಠವಾದುದೆಂಬುದರಲ್ಲಿ ಎರಡು ಮಾತಿಲ್ಲ. ಹಿಂದಾದುದನ್ನು ನೆನೆದು, ಮುಂದಾಗಬಹುದಾದುದನ್ನು ಊಹಿಸಿ, ಇಂದಿನ ಹೆಜ್ಜೆಯನ್ನು ಅಳೆದಿಡುವುದು ಅವನಿಗೆ ಸಾಧ್ಯವಾದುದು ಈ ಶಕ್ತಿಯಿಂದಲೇ. ವಿಚಾರಿಸದೆ ನಡೆದವನು ಎಡವುತ್ತಾನೆಂದು ಹಿರಿಯರು ಕಿರಿಯರಿಗೆ ಹೇಳುತ್ತಲೇ ಬಂದಿದ್ದಾರೆ. ಆದರೆ ವಿಚಾರಿಸುತ್ತ ವಿಚಾರಿಸುತ್ತ ನಡೆಯುವುದನ್ನೇ ಮರೆತವನ ಗತಿಯೇನು? ಈ ಪ್ರಶ್ನೆಯು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಎಡವಿದವನ ಗಾಯ ಎಲ್ಲರ ಕಣ್ಣಿಗೂ ಬೀಳುತ್ತದೆ; ನಿಂತಲ್ಲಿಯೇ ನಿಂತವನ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಅಣ್ಣತಮ್ಮಂದಿರು ಬೇರೆಯಾಗಿ ಹಲವು ವರ್ಷಗಳಾಗಿವೆ. ಬಾವಿಯ ನೀರಿನ ಪಾಳಿಯ ವಿಷಯದಲ್ಲಿ ಒಂದು ದಿನ ಮಾತಿಗೆ ಮಾತು ಬೆಳೆದು, ಅಂದಿನಿಂದ ತಮ್ಮನು ಅಣ್ಣನ ಮನೆಗೆ ಹೋಗುವುದು ನಿಂತಿದೆ. ಅಣ್ಣನಿಗೆ ಕಾಯಿಲೆಯೆಂಬ ಸುದ್ದಿ ಸಂತೆಯಲ್ಲಿ ಕಿವಿಗೆ ಬೀಳುತ್ತದೆ. ಹೋಗಿ ನೋಡಬೇಕೆಂದು ತಮ್ಮನಿಗೆ ಆ ಸಂಜೆಯೇ ಅನಿಸುತ್ತದೆ. ಆದರೆ ದೇಹ ಹಾಸಿಗೆಗೆ ಬಿದ್ದೊಡನೆ ಮನಸ್ಸು ಎದ್ದು ಕುಳಿತುಕೊಳ್ಳುತ್ತದೆ. ಹೋದರೆ ಅತ್ತಿಗೆ ಏನೆಂದಾರು? ‘ಈಗ ನೆನಪಾಯಿತೇ?’ ಎಂದರೆ ಯಾವ ಉತ್ತರ ಕೊಡಬೇಕು? ಹಣ್ಣು ಹಿಡಿದು ಹೋದರೆ ಓಲೈಸಲು ಬಂದನೆಂದುಕೊಂಡಾರೇ? ಬರಿಗೈಯಲ್ಲಿ ಹೋದರೆ ಹಗೆ ಇನ್ನೂ ಹೋಗಿಲ್ಲವೆಂದುಕೊಂಡಾರೇ? ಅಂದು ಬಾವಿಯ ಕಟ್ಟೆಯ ಮೇಲೆ ಅಣ್ಣ ಆಡಿದ ಮಾತಿನ ನಿಜವಾದ ಅರ್ಥವೇನು? ತಾನು ಆಡಿದುದಾದರೂ ಏನು? ಕೋಳಿ ಕೂಗುವ ಹೊತ್ತಿಗೆ ಪ್ರಶ್ನೆಗಳು ಹತ್ತಾಗಿರುತ್ತವೆ. ಉತ್ತರ ಒಂದೂ ಇಲ್ಲ. ಮರುದಿನ ಮಳೆ, ಅದರಾಚೆಯ ದಿನ ಬಿತ್ತನೆಯ ಗಡಿಬಿಡಿ. ನಾಲ್ಕು ಮೈಲಿ ದೂರದ ಊರು ನಾಲ್ಕು ತಿಂಗಳಾದರೂ ಹತ್ತಿರವಾಗುವುದಿಲ್ಲ.

ಇವನನ್ನು ಸೋಮಾರಿಯೆನ್ನಲಾಗದು, ರಾತ್ರಿಯೆಲ್ಲ ಇವನ ಮನಸ್ಸು ದುಡಿಯುತ್ತಿದೆ. ಕಲ್ಲೆದೆಯವನೆನ್ನಲಾಗದು, ಅಣ್ಣನ ಮೇಲೆ ಅಂತಃಕರಣವಿಲ್ಲದವನು ಹೀಗೆ ನಿದ್ದೆಗೆಡುತ್ತಿರಲಿಲ್ಲ. ದಡ್ಡನಂತೂ ಅಲ್ಲ, ಒಂದು ಮಾತಿಗೆ ಹತ್ತು ಅರ್ಥಗಳನ್ನು ಕಾಣಬಲ್ಲ ಸೂಕ್ಷ್ಮಬುದ್ಧಿ ಇವನದು. ಎಲ್ಲವನ್ನೂ ಅಗತ್ಯಕ್ಕೆ ಮೀರಿ ಮರಳಿ ಮರಳಿ ಯೋಚಿಸುವ ಈ ರೂಢಿಯನ್ನು ‘ಅತಿಚಿಂತನೆ’ ಎಂದು ಕರೆಯಬಹುದು. ಇದರ ಸ್ವರೂಪವೇನು, ಇದನ್ನು ಹೊತ್ತುಕೊಂಡೂ ಬಾಳುವ ಬಗೆ ಯಾವುದು ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ವಿಚಾರಕ್ಕೂ ಚಿಂತೆಗೂ ಇರುವ ಅಂತರ

ಅತಿಚಿಂತನೆಯೆಂದರೆ ವಿಚಾರದ ಪ್ರಮಾಣ ಹೆಚ್ಚಾಗುವುದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಅಡಿಗೆಗೆ ಉಪ್ಪು ಹೆಚ್ಚಾದಂತೆ ಬಾಳಿಗೆ ಯೋಚನೆ ಹೆಚ್ಚಾಯಿತೆಂಬ ಹೋಲಿಕೆ ಸುಲಭವಾಗಿ ಹೊಳೆಯುತ್ತದೆ. ಆದರೆ ಈ ಹೋಲಿಕೆ ಪೂರ್ಣವಾಗಿ ಸರಿಯಲ್ಲ. ದೋಷವಿರುವುದು ಅಳತೆಯಲ್ಲಿ ಅಲ್ಲ, ಗತಿಯಲ್ಲಿ.

ಮೀಮಾಂಸಾಶಾಸ್ತ್ರದಲ್ಲಿ ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳನ್ನು ಹೇಳುತ್ತಾರೆ. ಮೊದಲು ವಿಷಯವೊಂದು ಎದುರು ನಿಲ್ಲುತ್ತದೆ; ಅದರಲ್ಲಿ ಸಂಶಯ ಹುಟ್ಟುತ್ತದೆ; ಎದುರುಪಕ್ಷದ ವಾದವನ್ನು ಪೂರ್ಣವಾಗಿ ಕೇಳಲಾಗುತ್ತದೆ; ಬಳಿಕ ಸಿದ್ಧಾಂತಕ್ಕೆ ಬಂದು, ಅದನ್ನು ಮುಂದಿನ ವಿಷಯದೊಡನೆ ಹೊಂದಿಸಲಾಗುತ್ತದೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಸಂಶಯವನ್ನೂ ಪೂರ್ವಪಕ್ಷವನ್ನೂ ಶಾಸ್ತ್ರಕಾರರು ತಳ್ಳಿಹಾಕಲಿಲ್ಲ. ಅವುಗಳಿಗೆ ಗೌರವದ ಸ್ಥಾನವನ್ನೇ ಕೊಟ್ಟರು. ಆದರೆ ಅವುಗಳಲ್ಲಿಯೇ ವಾಸಮಾಡಲಿಲ್ಲ. ಅತಿಚಿಂತನೆಯಲ್ಲಿ ತೊಡಗಿದ ಮನಸ್ಸು ಸಂಶಯದಿಂದ ಪೂರ್ವಪಕ್ಷಕ್ಕೆ ಹೋಗುತ್ತದೆ. ಪೂರ್ವಪಕ್ಷದಿಂದ ಮತ್ತೆ ಸಂಶಯಕ್ಕೇ ಮರಳುತ್ತದೆ. ಸಿದ್ಧಾಂತದ ಹೊಸ್ತಿಲನ್ನು ಅದು ದಾಟುವುದೇ ಇಲ್ಲ.

ಗಾಣದ ಎತ್ತನ್ನು ಕಂಡವರಿಗೆ ಈ ಗತಿ ಚೆನ್ನಾಗಿ ಅರ್ಥವಾದೀತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡ ಎತ್ತು ಬೆಳಗಿನಿಂದ ಬೈಗಿನವರೆಗೆ ನಡೆಯುತ್ತದೆ. ಆದರೆ ಹೊರಟಲ್ಲಿಯೇ ಇರುತ್ತದೆ. ಆ ಎತ್ತಿನ ದುಡಿಮೆಯಿಂದ ಎಣ್ಣೆಯಾದರೂ ದೊರೆಯುತ್ತದೆ. ಅತಿಚಿಂತನೆಯೋ ಎಳ್ಳು ಹಾಕದ ಗಾಣ. ದಣಿವು ನಿಜ, ಸವೆತ ನಿಜ. ಎಣ್ಣೆ ಮಾತ್ರ ಇಲ್ಲ.

ಈ ಗತಿಗೆ ಎರಡು ಮುಖಗಳಿವೆ. ಒಂದು, ಕಳೆದುಹೋದುದನ್ನು ಕೆದಕುವುದು. ಇನ್ನೊಂದು, ಬಾರದಿರುವುದಕ್ಕೆ ಬೆದರುವುದು. ಮೊದಲನೆಯದು ‘ಏಕೆ ಹೀಗಾಯಿತು?’ ಎನ್ನುತ್ತದೆ, ಎರಡನೆಯದು ‘ಹೀಗಾದರೆ?’ ಎನ್ನುತ್ತದೆ. ಇವೆರಡರ ನಡುವೆ ಇರಬೇಕಾದ ‘ಈಗ ಏನು ಮಾಡಬೇಕು?’ ಎಂಬ ಸಾದಾ ಪ್ರಶ್ನೆಗೆ ಸ್ಥಳವೇ ಉಳಿಯುವುದಿಲ್ಲ. ಆದುದರಿಂದ ತನ್ನ ಮನಸ್ಸಿನಲ್ಲಿ ನಡೆದಿರುವುದು ವಿಚಾರವೋ ಚಿಂತೆಯೋ ಎಂಬುದನ್ನು ತಿಳಿಯಬಯಸುವವನಿಗೆ ಒಂದು ಸುಲಭವಾದ ಪರೀಕ್ಷೆಯಿದೆ. ಕಳೆದ ಅರ್ಧ ಗಂಟೆಯ ಯೋಚನೆಯಿಂದ ಹೊಸ ಸಂಗತಿ ಒಂದಾದರೂ ತಿಳಿಯಿತೇ? ಮಾಡಬೇಕಾದ ಕೆಲಸ ಒಂದಾದರೂ ಸ್ಪಷ್ಟವಾಯಿತೇ? ಎರಡಕ್ಕೂ ಇಲ್ಲವೆಂದಾದರೆ ಅದು ಗಾಣದ ಸುತ್ತು.

ಮೆಲುಕಿನ ಅಧ್ಯಯನ

ಈ ರೂಢಿಯನ್ನು ಆಧುನಿಕ ಮನಶ್ಶಾಸ್ತ್ರವು ಶ್ರದ್ಧೆಯಿಂದ ಅಭ್ಯಸಿಸಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ ಅವರು ಈ ಕ್ಷೇತ್ರದಲ್ಲಿ ಹೆಸರಾದವರು. ದುಃಖದ ಕಾಲದಲ್ಲಿ ತನ್ನ ದುಃಖವನ್ನೂ ಅದರ ಕಾರಣಗಳನ್ನೂ ಪರಿಣಾಮಗಳನ್ನೂ ಮತ್ತೆ ಮತ್ತೆ ಯೋಚಿಸುವ ಪ್ರವೃತ್ತಿಗೆ ಅವರು ಬಳಸಿದ ಇಂಗ್ಲಿಷ್ ಶಬ್ದದ ಮೂಲಾರ್ಥವು ದನಕರುಗಳು ಮೆಲುಕು ಹಾಕುವುದೆಂದೇ ಆಗಿರುವುದು ಸ್ವಾರಸ್ಯವಾಗಿದೆ. ಕನ್ನಡಿಗರೂ ನೆನಪುಗಳನ್ನು ಮೆಲುಕು ಹಾಕುವುದೆಂದೇ ಹೇಳುತ್ತಾರೆ. ಆದರೆ ಹಸು ಮೆಲುಕು ಹಾಕಿದುದನ್ನು ನುಂಗುತ್ತದೆ, ಅರಗಿಸಿಕೊಳ್ಳುತ್ತದೆ, ಹಾಲು ಕೊಡುತ್ತದೆ. ನುಂಗದೆ ಅಗಿಯುತ್ತಲೇ ಇರುವ ಹಸು ಲೋಕದಲ್ಲಿಲ್ಲ. ಆ ಕಷ್ಟ ಮನುಷ್ಯನಿಗೆ ಮಾತ್ರ.

೧೯೮೯ರ ಅಕ್ಟೋಬರ್ ೧೭ರಂದು ಕ್ಯಾಲಿಫೋರ್ನಿಯಾದಲ್ಲಿ ಪ್ರಬಲ ಭೂಕಂಪವೊಂದು ಸಂಭವಿಸಿತು. ಅದಕ್ಕೆ ಸುಮಾರು ಎರಡು ವಾರಗಳ ಮೊದಲೇ ನೋಲೆನ್-ಹೋಕ್ಸೆಮಾ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನಃಸ್ಥಿತಿಯನ್ನೂ, ಬೇಸರವಾದಾಗ ಅವರು ನಡೆದುಕೊಳ್ಳುವ ರೀತಿಯನ್ನೂ ದಾಖಲಿಸಿಕೊಂಡಿದ್ದರು. ಭೂಕಂಪದ ಬಳಿಕ ಅದೇ ವಿದ್ಯಾರ್ಥಿಗಳನ್ನು ಮತ್ತೆ ಪರಿಶೀಲಿಸಿ, ಮಾರೋ ಎಂಬ ಸಂಶೋಧಕರೊಡನೆ ೧೯೯೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲೇ ಮೆಲುಕಿನ ರೂಢಿಯಿದ್ದವರಲ್ಲಿ ಭೂಕಂಪದ ನಂತರ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಕಂಡುಬಂದವು. ಏಳು ವಾರಗಳ ಬಳಿಕವೂ ಆ ಅಂತರ ಉಳಿದಿತ್ತು. ನೆಲ ಎಲ್ಲರ ಕಾಲ ಕೆಳಗೂ ಒಂದೇ ಸಲ ನಡುಗಿತು. ಕೆಲವರೊಳಗೆ ಮಾತ್ರ ಅದು ನಡುಗುತ್ತಲೇ ಇತ್ತು.

ಇಷ್ಟು ಹಾನಿಯಿದ್ದರೂ ಮನಸ್ಸು ಈ ರೂಢಿಯನ್ನು ಏಕೆ ಬಿಡುವುದಿಲ್ಲ? ಇದಕ್ಕೆ ಎರಡು ಕಾರಣಗಳು ತೋರುತ್ತವೆ. ಚಿಂತಿಸುತ್ತಿರುವಾಗ ಏನನ್ನೋ ಮಾಡುತ್ತಿದ್ದೇನೆಂಬ ಭಾವ ಇರುತ್ತದೆ. ಸುಮ್ಮನಿದ್ದರೆ ಕರ್ತವ್ಯಕ್ಕೆ ತಪ್ಪಿದಂತೆ ಅನಿಸುತ್ತದೆ. ಇದು ಮೊದಲನೆಯದು. ಹೆದರಿದ ಅನಾಹುತಗಳಲ್ಲಿ ಬಹುಪಾಲು ಬರುವುದಿಲ್ಲ; ಬಾರದಿದ್ದುದು ತನ್ನ ಚಿಂತೆಯ ಫಲವೆಂದೇ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ. ಇದು ಎರಡನೆಯದು. ಪರವೂರಿಗೆ ಹೋದ ಮಗ ಕ್ಷೇಮವಾಗಿ ಮರಳಿದರೆ, ರಾತ್ರಿಯೆಲ್ಲ ಎಚ್ಚರವಿದ್ದ ತಾಯಿ ತನ್ನ ಎಚ್ಚರವೇ ಅವನನ್ನು ಕಾಯಿತೆಂದು ನಂಬುತ್ತಾಳೆ. ಆ ನಂಬಿಕೆಯ ಹಿಂದೆ ಇರುವುದು ಪ್ರೀತಿಯೇ. ಆದುದರಿಂದಲೇ ಅತಿಚಿಂತನೆಯ ಸ್ವಭಾವದವರನ್ನು ಹಳಿಯುವುದು, ನಗೆಯಾಡುವುದು ತರವಲ್ಲ.

ತಡೆದರೆ ನಿಲ್ಲದು

‘ಯೋಚಿಸಬೇಡ, ಬಿಟ್ಟುಬಿಡು’ ಎಂಬುದು ಇಂಥವರಿಗೆ ಎಲ್ಲರೂ ಕೊಡುವ ಸಲಹೆ. ಸಲಹೆ ಒಳ್ಳೆಯದೇ, ಆದರೆ ಫಲಿಸುವುದಿಲ್ಲ. ಮಂಗನನ್ನು ನೆನೆಯದೆ ಔಷಧ ಕುಡಿಯಬೇಕೆಂದು ವೈದ್ಯನು ಹೇಳಿದನಂತೆ. ಬಟ್ಟಲು ತುಟಿಗೆ ಬಂದಾಗಲೆಲ್ಲ ರೋಗಿಗೆ ಮಂಗನೇ ಕಾಣಿಸಿತಂತೆ. ಜನರ ಬಾಯಲ್ಲಿರುವ ಈ ಹಾಸ್ಯದ ಕಥೆಯ ಸತ್ಯವನ್ನು ೧೯೮೭ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಸಮರ್ಥಿಸಿತು. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಡನೆ ವಿದ್ಯಾರ್ಥಿಗಳನ್ನು ಒಂದು ಕೊಠಡಿಯಲ್ಲಿ ಕೂರಿಸಿ, ಐದು ನಿಮಿಷಗಳವರೆಗೆ ಬಿಳಿಯ ಕರಡಿಯನ್ನು ನೆನೆಯಬಾರದೆಂದೂ, ನೆನಪು ಬಂದಾಗಲೆಲ್ಲ ಗಂಟೆ ಬಾರಿಸಬೇಕೆಂದೂ ತಿಳಿಸಿದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಅಷ್ಟೇ ಅಲ್ಲ, ಬಳಿಕ ಕರಡಿಯನ್ನು ನೆನೆಯಬಹುದೆಂದು ಅನುಮತಿ ಕೊಟ್ಟಾಗ, ಮೊದಲು ತಡೆದಿದ್ದವರು ಮೊದಲಿನಿಂದಲೂ ಅನುಮತಿ ಪಡೆದಿದ್ದವರಿಗಿಂತ ಹೆಚ್ಚಾಗಿ ಅದನ್ನು ನೆನೆದರು. ಕಟ್ಟೆ ಹಾಕಿದಷ್ಟೂ ನೀರು ಏರಿ ನಿಂತಿತು.

ಹನ್ನೆರಡನೆಯ ಶತಮಾನದ ಶರಣರಿಗೆ ಮನಸ್ಸಿನ ಈ ಸ್ವಭಾವ ತಿಳಿಯದ ವಿಷಯವೇನಲ್ಲ. ಬಸವಣ್ಣನವರು ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕಪಿಗೆ ಹೋಲಿಸಿ ಹೇಳಿದ ವಚನ ಪ್ರಸಿದ್ಧವಾಗಿದೆ. ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅವರು ಪರರ ಮನಸ್ಸನ್ನು ಕಪಿಯೆಂದು ಜರೆಯಲಿಲ್ಲ. ತಮ್ಮ ಮನಸ್ಸನ್ನೇ ಎದುರಿಗಿಟ್ಟುಕೊಂಡು ನೋಡಿದರು. ಬಿಜ್ಜಳನ ಭಂಡಾರದ ಹೊಣೆಯನ್ನೂ ಮಹಾಮನೆಯ ಹೊಣೆಯನ್ನೂ ಹೊತ್ತು ನಡೆದವರು, ತಮ್ಮೊಳಗೆ ಕಪಿಯಿದೆಯೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಕಪಿ ಹೋಗುವವರೆಗೆ ಕೆಲಸ ನಿಲ್ಲಿಸಿ ಕಾಯಲಿಲ್ಲ. ಚಂಚಲವಾದ ಮನಸ್ಸನ್ನು ಹೊತ್ತುಕೊಂಡೇ ಮಹತ್ಕಾರ್ಯ ಮಾಡಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ದೀರ್ಘವಿಚಾರವೆಲ್ಲ ದೋಷವಲ್ಲ

ಹಾಗಾದರೆ ಬಹುಕಾಲ ಯೋಚಿಸುವವರೆಲ್ಲ ಅತಿಚಿಂತನೆಯವರೇ? ಅಲ್ಲವೆಂಬುದನ್ನು ತಿಳಿಯಲು ವಿಕಾಸವಾದದ ಪ್ರತಿಪಾದಕ ಚಾರ್ಲ್ಸ್ ಡಾರ್ವಿನ್‌ನ ಬಾಳಿನಿಂದ ಎರಡು ಸಂಗತಿಗಳನ್ನು ತೆಗೆದುಕೊಳ್ಳಬಹುದು.

೧೮೩೮ರಲ್ಲಿ, ತನ್ನ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಡಾರ್ವಿನ್ನನಿಗೆ ಮದುವೆಯಾಗಬೇಕೇ ಬೇಡವೇ ಎಂಬ ಜಿಜ್ಞಾಸೆ ಉಂಟಾಯಿತು. ಅವನು ಒಂದು ಕಾಗದದ ಮೇಲೆ ಎರಡು ಸಾಲು ಮಾಡಿ, ಒಂದೆಡೆ ಮದುವೆಯ ಲಾಭಗಳನ್ನೂ ಇನ್ನೊಂದೆಡೆ ಮದುವೆಯಾಗದಿರುವುದರ ಲಾಭಗಳನ್ನೂ ಬರೆದನು. ಮಕ್ಕಳು, ಮುಪ್ಪಿನ ಸಂಗಾತಿ ಮೊದಲಾದವು ಒಂದು ಕಡೆ. ಕಾಲದ ನಷ್ಟ, ಪುಸ್ತಕಗಳಿಗೆ ಹಣದ ಕೊರತೆ ಮೊದಲಾದವು ಇನ್ನೊಂದು ಕಡೆ. ಕಾಗದದ ಕೊನೆಗೆ ಬರುವಷ್ಟರಲ್ಲಿ ಮದುವೆಯಾಗುವುದೇ ಸರಿಯೆಂದು ತೀರ್ಮಾನವಾಯಿತು. ಅದೇ ನವೆಂಬರಿನಲ್ಲಿ ಎಮ್ಮಾ ವೆಜ್‌ವುಡ್‌ಳನ್ನು ಕೇಳಿದನು. ೧೮೩೯ರ ಜನವರಿ ೨೯ರಂದು ಮದುವೆಯೂ ನಡೆಯಿತು. ಪಟ್ಟಿ ಬರೆದು ಕೆಲವೇ ತಿಂಗಳುಗಳಲ್ಲಿ ವಿಚಾರವು ಕೃತಿಗಿಳಿಯಿತು.

ಅದೇ ಡಾರ್ವಿನ್ ತನ್ನ ವಿಕಾಸವಾದವನ್ನು ಪ್ರಕಟಿಸಲು ಮಾತ್ರ ಎರಡು ದಶಕಗಳನ್ನು ತೆಗೆದುಕೊಂಡನು. ೧೮೪೨ರಲ್ಲಿ ಅದರ ಸಂಕ್ಷಿಪ್ತ ರೂಪವನ್ನೂ ೧೮೪೪ರಲ್ಲಿ ದೀರ್ಘ ಪ್ರಬಂಧವನ್ನೂ ಬರೆದಿಟ್ಟನು. ೧೮೫೮ರಲ್ಲಿ ಆಲ್‌ಫ್ರೆಡ್ ವ್ಯಾಲೇಸ್ ಅದೇ ತತ್ತ್ವವನ್ನು ಬರೆದು ಕಳುಹಿಸಿದ ಮೇಲೆ, ೧೮೫೯ರ ನವೆಂಬರಿನಲ್ಲಿ ಗ್ರಂಥವು ಹೊರಬಂದಿತು. ಈ ವಿಳಂಬವನ್ನು ಅತಿಚಿಂತನೆಯೆನ್ನಬಹುದೇ? ಆ ವರ್ಷಗಳಲ್ಲಿ ಅವನು ಏನು ಮಾಡುತ್ತಿದ್ದನೆಂಬುದನ್ನು ನೋಡಿದರೆ ಉತ್ತರ ದೊರೆಯುತ್ತದೆ. ೧೮೪೬ರಿಂದ ೧೮೫೪ರವರೆಗೆ, ಎಂಟು ವರ್ಷಗಳ ಕಾಲ, ಸಮುದ್ರದ ಬಂಡೆಗಳಿಗೂ ಹಡಗಿನ ತಳಕ್ಕೂ ಅಂಟಿಕೊಂಡು ಬೆಳೆಯುವ ಸಣ್ಣ ಜೀವಿಗಳನ್ನು ಕೊಯ್ದು ಪರೀಕ್ಷಿಸಿ ಗ್ರಂಥಗಳನ್ನು ಬರೆದನು. ಬಳಿಕ ಪಾರಿವಾಳಗಳನ್ನು ಸಾಕಿ ತಳಿಗಳ ಭೇದವನ್ನು ಅಭ್ಯಸಿಸಿದನು. ಬೀಜಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಅವು ಎಷ್ಟು ದಿನಗಳ ಮೇಲೆ ಮೊಳೆಯಬಲ್ಲವೆಂದು ಪರೀಕ್ಷಿಸಿದನು. ಅವನ ಸಂಶಯಗಳಿಗೆಲ್ಲ ಮಾಡಲು ಕೆಲಸವಿತ್ತು. ಒಂದೊಂದು ಸಂಶಯವೂ ಅವನ ಕೈಗೆ ಒಂದೊಂದು ಹೊಸ ಸಂಗತಿಯನ್ನು ತಂದುಕೊಟ್ಟಿತು.

ಆದುದರಿಂದ ಕಾಲದ ದೀರ್ಘತೆಯು ಅತಿಚಿಂತನೆಯ ಲಕ್ಷಣವಲ್ಲ. ಕೈ ದುಡಿಯುತ್ತಿದ್ದರೆ ಇಪ್ಪತ್ತು ವರ್ಷಗಳ ಯೋಚನೆಯೂ ವಿಚಾರವೇ. ಕೈ ನಿಂತುಹೋಗಿದ್ದರೆ ಇಪ್ಪತ್ತು ನಿಮಿಷಗಳ ಯೋಚನೆಯೂ ಚಿಂತೆಯಾಗಬಹುದು.

ಲಕ್ಕಮ್ಮನವರ ಎಚ್ಚರಿಕೆ

ಇಲ್ಲಿಂದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಪ್ರಸಂಗಕ್ಕೆ ಬಂದರೆ ಅದರ ಅರ್ಥ ಹೊಸದಾಗಿ ಹೊಳೆಯುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಈ ದಂಪತಿಗಳ ಕಾಯಕ. ಒಮ್ಮೆ ಮಾರಯ್ಯನವರು ಅನುಭಾವದ ಮಾತುಕತೆಯಲ್ಲಿ ಮೈಮರೆತು ಕುಳಿತರೆಂದೂ, ಆಗ ಲಕ್ಕಮ್ಮನವರು ಕಾಯಕ ನಿಂತುಹೋದುದನ್ನು ನೆನಪಿಸಿ ಅವರನ್ನು ಅಕ್ಕಿ ತರಲು ಎಬ್ಬಿಸಿದರೆಂದೂ ಪರಂಪರೆ ಹೇಳುತ್ತದೆ. ಆ ಸಂದರ್ಭದ ಲಕ್ಕಮ್ಮನವರ ವಚನವು ವಚನಸಾಹಿತ್ಯದ ಓದುಗರಿಗೆ ಚಿರಪರಿಚಿತ.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕಾಯಕನಿಷ್ಠೆಯ ದೃಷ್ಟಾಂತವಾಗಿ ಹೇಳುವ ವಾಡಿಕೆಯಿದೆ. ಅದು ಸರಿಯಾದುದೇ. ಆದರೆ ಮಾರಯ್ಯನವರು ಮೈಮರೆತುದು ಯಾವುದರಲ್ಲಿ? ಹರಟೆಯಲ್ಲಿ ಅಲ್ಲ, ಆಲಸ್ಯದಲ್ಲಿ ಅಲ್ಲ, ಅತ್ಯುನ್ನತವಾದ ತತ್ತ್ವವಿಚಾರದಲ್ಲಿ. ಹೀಗಿದ್ದೂ ಲಕ್ಕಮ್ಮನವರು ಎಚ್ಚರಿಸಿದರು. ವಿಚಾರವು ಎಷ್ಟೇ ಎತ್ತರದ್ದಾಗಿರಲಿ, ಅದರಿಂದ ದಿನದ ಕೆಲಸ ನಿಂತಿತೆಂದರೆ ಎದ್ದೇಳುವ ಹೊತ್ತಾಯಿತೆಂಬುದೇ ಅವರ ಮಾತಿನ ತಿರುಳು. ಅವರು ಮಾರಯ್ಯನವರೊಡನೆ ತತ್ತ್ವದ ಬಗ್ಗೆ ವಾದಿಸಲಿಲ್ಲ, ಯೋಚಿಸಬೇಡವೆಂದೂ ಹೇಳಲಿಲ್ಲ. ಮನಸ್ಸಿನೊಡನೆ ಮನಸ್ಸು ಕಾದಾಡಿದರೆ ಸುತ್ತು ಇನ್ನೊಂದು ಹೆಚ್ಚುತ್ತದೆಂಬುದನ್ನು ಆ ತಾಯಿ ಅರಿತಿದ್ದಂತೆ ತೋರುತ್ತದೆ. ಮಾಡಬೇಕಾದ ಒಂದು ಚಿಕ್ಕ ಕೆಲಸವನ್ನು ಅವರು ತೋರಿಸಿದರು. ಕಾಯಕದಲ್ಲಿ ತೊಡಗಿದವನಿಗೆ ಗುರು ಲಿಂಗ ಜಂಗಮಗಳ ನೆನಪು ಕೂಡ ಹಿಂದೆ ಸರಿಯಬಹುದೆಂಬ ಆಶಯವುಳ್ಳ ವಚನವು ಅದೇ ಮಾರಯ್ಯನವರ ಹೆಸರಿನಲ್ಲಿ ಉಳಿದುಬಂದಿರುವುದು ಅರ್ಥಪೂರ್ಣವಾಗಿದೆ.

ಬಾಳುವ ಬಗೆ

ಅತಿಚಿಂತನೆಯ ಸ್ವಭಾವವು ಒಂದು ದಿನದಲ್ಲಿ ಬಂದುದಲ್ಲ. ಒಂದು ದಿನದಲ್ಲಿ ಹೋಗುವುದೂ ಇಲ್ಲ. ಅದನ್ನು ಬೇರುಸಹಿತ ಕಿತ್ತೆಸೆಯುವ ಹಟಕ್ಕಿಂತ, ಅದರೊಡನೆ ಬಾಳುವ ಕ್ರಮವನ್ನು ಕಲಿಯುವುದು ಮೇಲು. ಇದಕ್ಕೆ ಕೆಲವು ಸಾಧನಗಳಿವೆ.

ಮೊದಲನೆಯದು, ಚಿಂತೆಗೆ ಹೊತ್ತು ಗೊತ್ತುಮಾಡುವುದು. ಪೆನ್ಸಿಲ್ವೇನಿಯಾದ ಮನಶ್ಶಾಸ್ತ್ರಜ್ಞ ಬೋರ್ಕೊವೆಕ್ ಮತ್ತು ಸಂಗಡಿಗರು ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಂತೆಯ ರೂಢಿಯುಳ್ಳವರಿಗೆ ಪ್ರತಿದಿನ ಒಂದೇ ವೇಳೆಯಲ್ಲಿ, ಒಂದೇ ಸ್ಥಳದಲ್ಲಿ, ಅರ್ಧ ಗಂಟೆ ಚಿಂತಿಸುವಂತೆ ತಿಳಿಸಲಾಯಿತು. ಬೇರೆ ಹೊತ್ತಿನಲ್ಲಿ ಬಂದ ಚಿಂತೆಯನ್ನು ಆ ವೇಳೆಗೆ ಮುಂದೂಡಬೇಕು. ಹೀಗೆ ನಡೆದವರಲ್ಲಿ ಚಿಂತೆ ಕಡಿಮೆಯಾಯಿತು. ಇದು ಕರಡಿಯನ್ನು ಓಡಿಸುವುದಲ್ಲ; ಅದಕ್ಕೊಂದು ಹಗ್ಗ, ಒಂದು ಗೂಟ. ಸಂಜೆ ದೀಪ ಹಚ್ಚುವ ಮುನ್ನ ಅಂಗಳದ ಕಟ್ಟೆಯ ಮೇಲೆ ಅರ್ಧ ಗಂಟೆ ಕುಳಿತು ಯೋಚಿಸಿ ಏಳುವುದು ಯಾರಿಗೂ ಅಸಾಧ್ಯವಲ್ಲ. ಮಲಗುವ ಹೊತ್ತನ್ನು ಮಾತ್ರ ಇದಕ್ಕೆ ಕೊಡಬಾರದು. ಕತ್ತಲೆಯಲ್ಲಿ ಹಗ್ಗವೂ ಹಾವಾಗುತ್ತದೆ.

ಎರಡನೆಯದು, ಬರೆದಿಡುವುದು. ತಲೆಯೊಳಗಿನ ಹತ್ತು ಪ್ರಶ್ನೆಗಳು ನೂರರಂತೆ ಕಾಣುತ್ತವೆ. ಕಾಗದದ ಮೇಲೆ ಅವು ಹತ್ತೇ ಆಗುತ್ತವೆ. ಅವುಗಳಲ್ಲಿ ತನ್ನ ಕೈಯಲ್ಲಿರುವುದು ಯಾವುದು, ಇಲ್ಲದುದು ಯಾವುದು ಎಂದು ವಿಂಗಡಿಸಿದರೆ ಅರ್ಧ ಭಾರ ಇಳಿದಂತೆ. ಅತ್ತಿಗೆ ಏನೆನ್ನುವಳೆಂಬುದು ತಮ್ಮನ ಕೈಯಲ್ಲಿಲ್ಲ. ನಾಳೆ ಬೆಳಗಿನ ಬಸ್ಸು ಹತ್ತುವುದು ಅವನ ಕೈಯಲ್ಲಿದೆ.

ಮೂರನೆಯದು, ಕೈಯಲ್ಲಿರುವುದರ ಪೈಕಿ ಅತಿ ಚಿಕ್ಕ ಕೆಲಸವೊಂದನ್ನು ಆರಿಸಿ, ಅದಕ್ಕೆ ದಿನ, ವೇಳೆ, ಸ್ಥಳಗಳನ್ನು ಗೊತ್ತುಪಡಿಸುವುದು. ಅಪೂರ್ಣವಾಗಿ ಉಳಿದ ಕೆಲಸಗಳು ಮನಸ್ಸನ್ನು ಕಾಡುತ್ತಿರುತ್ತವೆಯಾದರೂ, ಅವುಗಳಿಗೆ ಖಚಿತವಾದ ಯೋಜನೆಯೊಂದನ್ನು ಹಾಕಿಕೊಂಡ ಮಾತ್ರಕ್ಕೇ ಆ ಕಾಟ ತಗ್ಗುತ್ತದೆಂದು ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ೨೦೧೧ರಲ್ಲಿ ತೋರಿಸಿದರು. ‘ಎಂದಾದರೂ ಹೋಗಬೇಕು’ ಎಂಬುದು ಚಿಂತೆ. ‘ಸೋಮವಾರ ಬೆಳಿಗ್ಗೆ ಏಳರ ಬಸ್ಸಿಗೆ’ ಎಂಬುದು ಸಂಕಲ್ಪ.

ನಾಲ್ಕನೆಯದು, ಸಣ್ಣ ವಿಷಯಗಳಲ್ಲಿ ಅತ್ಯುತ್ತಮವನ್ನೇ ಹುಡುಕುವ ಹಟವನ್ನು ಬಿಡುವುದು. ೧೯೭೮ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಹರ್ಬರ್ಟ್ ಸೈಮನ್ ಅವರು, ಮನುಷ್ಯನ ತಿಳಿವಿಗೂ ಕಾಲಕ್ಕೂ ಮಿತಿಯಿರುವುದರಿಂದ, ಎಲ್ಲ ಆಯ್ಕೆಗಳನ್ನೂ ತೂಗಿ ನೋಡುವುದು ಅಸಾಧ್ಯವೆಂದೂ, ಅಗತ್ಯಕ್ಕೆ ಸಾಕಾಗುವುದು ಸಿಕ್ಕೊಡನೆ ನಿಲ್ಲುವುದೇ ಜನರು ನಡೆಯುವ ರೀತಿಯೆಂದೂ ಪ್ರತಿಪಾದಿಸಿದರು. ಹಬ್ಬಕ್ಕೆ ಒಂದು ಸೀರೆ ಬೇಕಾದವಳು ಅಂಗಡಿಯ ಸೀರೆಗಳನ್ನೆಲ್ಲ ಬಿಚ್ಚಿಸಬೇಕಾಗಿಲ್ಲ. ಬೇಕಾದ ಬಣ್ಣ, ಒಗ್ಗುವ ಬೆಲೆ ಸಿಕ್ಕಿತೆಂದರೆ ಅಲ್ಲಿಗೆ ಸಾಕು.

ಐದನೆಯದು, ‘ಸಾಕು, ಏಳಿ’ ಎಂದು ಹೇಳಬಲ್ಲ ಒಬ್ಬ ಸಂಗಾತಿ. ಸತಿಯಾಗಲಿ, ಪತಿಯಾಗಲಿ, ಗೆಳೆಯನಾಗಲಿ, ಹಿರಿಯರಾಗಲಿ, ಪ್ರೀತಿಯಿಂದ ಮಾತನ್ನು ಕೇಳಿ, ಬಳಿಕ ಕೆಲಸವನ್ನು ನೆನಪಿಸುವವರು ಬೇಕು. ಇಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಒಂದೇ ದುಃಖವನ್ನು ಇಬ್ಬರು ಸೇರಿ ದಿನದಿನವೂ ಕೆದಕುತ್ತ ಕುಳಿತರೆ, ಗಾಣಕ್ಕೆ ಎರಡನೆಯ ಎತ್ತನ್ನು ಹೂಡಿದಂತಾಗುತ್ತದೆ.

ಎರಡು ಮಿತಿಗಳು

ಈ ಮಾತುಗಳಿಗೆ ಎರಡು ಮಿತಿಗಳನ್ನು ಹೇಳದಿದ್ದರೆ ಅನ್ಯಾಯವಾದೀತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯೆಂಬ ಗಾದೆಯಿದೆ. ಆದರೆ ಮಳೆ ಕೈಕೊಟ್ಟು, ಸಾಲದ ಕಂತು ಎದುರು ನಿಂತ ಒಕ್ಕಲಿಗನಿಗೆ ನಿದ್ದೆ ಬಾರದಿರುವುದು ಅತಿಚಿಂತನೆಯಲ್ಲ; ಅದು ಇರುವ ಕಷ್ಟದ ಸರಿಯಾದ ಅಳತೆ. ಅವನಿಗೆ ಬೇಕಾದುದು ಮನಸ್ಸಿನ ಉಪದೇಶವಲ್ಲ, ಕಂತಿಗೆ ಅವಧಿ, ಬೆಳೆಗೆ ಬೆಲೆ, ನೆರೆಯವರ ನೆರವು. ಲೋಕದ ಹೊಣೆಯನ್ನು ನೊಂದವನ ಮನಸ್ಸಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಧರ್ಮವಲ್ಲ.

ಎರಡನೆಯದು, ರೂಢಿಯು ರೋಗವಾಗುವ ಗಡಿ. ವಾರಗಟ್ಟಲೆ ನಿದ್ದೆ, ಊಟಗಳು ಕೆಟ್ಟು, ಯಾವುದರಲ್ಲಿಯೂ ಆಸಕ್ತಿಯಿಲ್ಲದಂತಾದರೆ, ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡದೆ ಇರಲಾರದಂತಾದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಬಂದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಇದರಲ್ಲಿ ನಾಚಿಕೆಗೆ ಎಡೆಯಿಲ್ಲ. ಈ ವಿಷಯದಲ್ಲಿ ಕನ್ನಡನಾಡಿಗೆ ಹಿರಿಮೆಯೂ ಇದೆ. ೧೯೭೪ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡಿತು. ಆ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮನೋವೈದ್ಯಕೀಯ ಸೇವೆಯನ್ನು ಹಳ್ಳಿಗಳಿಗೆ ತಲುಪಿಸಿ ತೋರಿಸಿತು. ಆ ಮಾದರಿಯ ಮೇಲೆಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಕನ್ನಡದಲ್ಲಿಯೂ ಅಲ್ಲಿ ಮಾತನಾಡಬಹುದು.

ಉಪಸಂಹಾರ

ಆರಂಭದಲ್ಲಿ ಕಲ್ಪಿಸಿಕೊಂಡ ಗೃಹಸ್ಥನನ್ನು ಕೊನೆಗೆ ಅಣ್ಣನ ಬಾಗಿಲಿಗೆ ಕರೆದೊಯ್ಯಬಹುದು. ಅವನ ಮನಸ್ಸು ಬಸ್ಸಿನಲ್ಲಿಯೂ ಸುಮ್ಮನಿರಲಿಲ್ಲವೆಂದೇ ಇಟ್ಟುಕೊಳ್ಳಬೇಕು. ದಾರಿಯುದ್ದಕ್ಕೂ ಕಪಿ ಕೊಂಬೆಯಿಂದ ಕೊಂಬೆಗೆ ನೆಗೆಯುತ್ತಲೇ ಇತ್ತು. ಅವನು ಅದನ್ನು ಸಂಗಡ ಕರೆದುಕೊಂಡೇ ಹೋದನು. ಅಣ್ಣನು ಹರ್ಷದಿಂದ ತಬ್ಬಿಕೊಂಡನೆಂದು ಹೇಳಬೇಕಾಗಿಲ್ಲ. ಬಹುಶಃ ಅವನು ಗೋಡೆಯ ಕಡೆಗೆ ಹೊರಳಿ ಮಲಗಿರಬಹುದು. ಅತ್ತಿಗೆ ಏನೂ ಕೇಳದೆ ನೀರಿನ ತಂಬಿಗೆಯನ್ನು ಮುಂದಿಟ್ಟಿರಬಹುದು. ನಾಲ್ಕು ತಿಂಗಳು ರಾತ್ರಿಗಳಲ್ಲಿ ಹೆಣೆದ ಹತ್ತು ಊಹೆಗಳಲ್ಲಿ ಈ ತಂಬಿಗೆ ಇರಲಿಲ್ಲ.

ಹೋದುದರಿಂದ ಮುನಿಸು ಕರಗಿತೋ ಇಲ್ಲವೋ, ಅದು ಅವನೊಬ್ಬನ ಕೈಯಲ್ಲಿರಲಿಲ್ಲ. ಆದರೆ ಇನ್ನು ಮುಂದೆ ಯೋಚಿಸಲು ಅವನ ಬಳಿ ಊಹೆಯಲ್ಲ, ಒಂದು ನಿಜವಾದ ಸಂಗತಿ ಇದೆ. ಮುಂದಿನ ಸೋಮವಾರ ಮತ್ತೆ ಹೋಗುವುದೆಂಬ ಒಂದು ಕೆಲಸವೂ ಇದೆ. ವಿಚಾರಕ್ಕೆ ಬೇಕಾದುದು ಇಷ್ಟೇ. ಮನಸ್ಸು ನಿಂತ ಮೇಲೆ 나ಡೆಯುವೆನೆಂದು ಕಾಯುವವನು ಕಾಯುತ್ತಲೇ ಇರುತ್ತಾನೆ. ನಡೆಯತೊಡಗಿದವನ ಮನಸ್ಸು ಮೆಲ್ಲಗೆ ಅವನ ಹೆಜ್ಜೆಯನ್ನು ಹಿಡಿಯುತ್ತದೆ.